ಕುರ್ಚಿ ಹಿಡಿದು ನಿಂತವರು

ನಮ್ಮೂರಿನ ಕಾಲೇಜಿನಲ್ಲಿ ಫೋಟೋ ತೆಗೆಯುವ ವಿದ್ಯೆ ಕಲಿಸುವವನು ನಾನು. ನಾನು ತೆಗೆದ ಫೋಟೋಗಳಲ್ಲಿ ಇಂದಿಗೂ ಕದಲದೆ ಉಳಿದಿರುವುದು ಒಂದು ಎಮ್ಮೆ ಮಾತ್ರ. ಅದನ್ನು ಗೂಟಕ್ಕೆ ಕಟ್ಟಿಹಾಕಿದ್ದರು. ಮಿಕ್ಕವರೆಲ್ಲ ಚಿತ್ರದಿಂದ ಎದ್ದು ಹೋಗಿದ್ದಾರೆ. ನನ್ನ ಹೆಂಡತಿ ಪ್ರಿಂಟು ಒಣಗುವ ಮೊದಲೇ ಹೋದಳು. ನಮ್ಮ ಪ್ರಿನ್ಸಿಪಾಲರು ಸಭ್ಯಸ್ಥರು, ಒಂದೆರಡು ದಿನ ದಾಕ್ಷಿಣ್ಯಕ್ಕೆ ಕೂತಿದ್ದು ಆಮೇಲೆ ಹೊರಟರು. ಒಮ್ಮೆ ಕನ್ನಡಿಯ ಮುಂದೆ ನಿಂತು ನನ್ನ ಫೋಟೋ ನಾನೇ ತೆಗೆದುಕೊಂಡೆ. ಊಟ ಮುಗಿಸಿ ಬಂದು ನೋಡಿದರೆ ಚಿತ್ರದಲ್ಲಿ ಕನ್ನಡಿ ಇತ್ತು, ಕ್ಯಾಮೆರಾ ಸ್ಟ್ಯಾಂಡು ಇತ್ತು, ನಾನಿರಲಿಲ್ಲ. ನನ್ನ ಜೊತೆ ನನಗೇ ಬೇಜಾರಾಗಿತ್ತು ಅಂತ ಕಾಣುತ್ತದೆ.

ನಮ್ಮೂರಲ್ಲಿ ಫೋಟೋದಿಂದ ಎದ್ದು ಹೋಗುವುದು ದೊಡ್ಡ ಸಂಗತಿಯೇನಲ್ಲ. ಹೊಸ ಚಪ್ಪಲಿ ಕಚ್ಚುತ್ತಿದ್ದರೆ, ಹೊಟ್ಟೆ ಹಸಿದರೆ, ಯಾರು ತಾನೆ ಸುಮ್ಮನೆ ಕೂತಿರುತ್ತಾರೆ. ಮನುಷ್ಯನೇನೋ ಬೀದಿಯಲ್ಲಿ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುತ್ತಾನೆ, ಅವನ ಚಿತ್ರದಲ್ಲಿ ಮಾತ್ರ ಪರದೆ ಉಳಿದಿರುತ್ತದೆ, ಅಷ್ಟೆ. ಹೋದವರು ವಾಪಸು ಬಂದದ್ದಿಲ್ಲ. ರೇಷನ್ ಕಾರ್ಡಿನ ಗುಮಾಸ್ತರು ಖಾಲಿ ಚಿತ್ರವನ್ನು ಬೆಳಕಿಗೆ ಹಿಡಿದು, ‘ಸ್ಟೂಲು ಅದೇ’ ಎಂದು ಸೀಲು ಒತ್ತುತ್ತಾರೆ. ಹೆಣ್ಣಿನ ಕಡೆಯವರು ಕಳಿಸಿದ ಫೋಟೋದಲ್ಲಿ ಬರೀ ಹೂದಾನಿ ಇದ್ದರೆ ಗಂಡಿನ ಕಡೆಯವರು ‘ಹುಡುಗಿ ಚುರುಕಾಗಿದಾಳೆ’ ಅನ್ನುತ್ತಾರೆ. ಶಾಲೆಯ ಗ್ರೂಪ್ ಫೋಟೋಗಳಲ್ಲಿ ಮೊದಲು ಖಾಲಿಯಾಗುವುದು ಹಿಂದಿನ ಸಾಲು, ಕಡೆಗೆ ಬೆಂಚುಗಳ ನಡುವೆ ಹೆಡ್‌ಮಾಸ್ಟರೊಬ್ಬರೇ ಕೈಕಟ್ಟಿ ಕೂತಿರುತ್ತಾರೆ. ಇಂಥ ಊರಿನಲ್ಲಿ, ತಾವು ತೆಗೆದ ಚಿತ್ರದಲ್ಲಿ ಜನರನ್ನು ಉಳಿಸಿಕೊಂಡವರಿಗೆ ಎಂಥ ಗೌರವ ಇರುತ್ತದೆಂದು ನೀವೇ ಊಹಿಸಬಹುದು. ಅಂಥವರು ಇದ್ದದ್ದು ಮೂವರು. ಮೂವರೂ ತೀರಿಹೋಗಿದ್ದಾರೆ.

ಅವರ ಬಗ್ಗೆ ನಾನೊಂದು ಪುಸ್ತಕ ಬರೆದಿದ್ದೇನೆ. ‘ವಿದ್ಯಾರ್ಥಿಗಳು ಅಭ್ಯಸಿಸಬೇಕಾದ ಛಾಯಾಗ್ರಾಹಕರು’ ಅಂತ ಹೆಸರು. ನಮ್ಮ ಕಾಲೇಜಿನ ಪಠ್ಯ ಅದೇ, ಬೇರೆ ಯಾರೂ ಬರೆದಿಲ್ಲವಾದ್ದರಿಂದ. ಮೊದಲ ಅಧ್ಯಾಯ ಹೊಂಬಾಳಯ್ಯನವರದು. ಅವರು ಯಾರನ್ನೂ ಸುಮ್ಮನೆ ಕೂರಿಸುತ್ತಿರಲಿಲ್ಲ, ಕೈಗೊಂದು ಮುಗಿಯದ ಕೆಲಸ ಕೊಟ್ಟು ಚಿತ್ರ ತೆಗೆಯುತ್ತಿದ್ದರು. ಅರ್ಧ ಕಟ್ಟಿದ ಹೂವಿನ ದಂಡೆ, ಅರ್ಧ ಬಿಡಿಸಿದ ಅವರೆಕಾಯಿ. ಕೆಲಸ ಬಿಟ್ಟು ಏಳುವುದಕ್ಕೆ ನಮ್ಮ ಜನಕ್ಕೆ ಮನಸ್ಸಾಗುವುದಿಲ್ಲ. ಎರಡನೆಯ ಅಧ್ಯಾಯ ಮಕಬೂಲ್ ಸಾಹೇಬರದು. ಅವರು ಜಗಳವಾಡಿದವರನ್ನು ಹುಡುಕಿ ತಂದು ಅಕ್ಕಪಕ್ಕ ಕೂರಿಸುತ್ತಿದ್ದರು. ಮೊದಲು ಎದ್ದವರು ಸೋತ ಹಾಗೆ, ಆದ್ದರಿಂದ ಇಬ್ಬರೂ ಏಳುತ್ತಿರಲಿಲ್ಲ. ಗಡಿಗಲ್ಲಿಗೆ ಕಿತ್ತಾಡಿದ ಒಂದು ಜೋಡಿ ಅಣ್ಣತಮ್ಮಂದಿರು ಇವತ್ತಿಗೂ ಅವರ ಚಿತ್ರದಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದಾರೆ, ಹೊಲ ಮಾರಿ ಯಾವ ಕಾಲವಾಯಿತೋ. ಮೂರನೆಯವರು ಕಮಲಾಬಾಯಿ. ಅವರು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿನಿಂದ ಊರಿನ ಯಾವುದಾದರೂ ಗುಟ್ಟು ಹೇಳತೊಡಗಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಚಿತ್ರ ತೆಗೆದುಬಿಡುತ್ತಿದ್ದರು. ಉಳಿದರ್ಧ ಕೇಳಲಿಕ್ಕೆ ಜನ ಕಾಯುತ್ತ ಕೂತಿದ್ದಾರೆ, ಬಾಯಿ ಸ್ವಲ್ಪ ತೆರೆದುಕೊಂಡು.

ಈ ಮೂವರ ಕೆಲಸದಲ್ಲಿ ಶಿಖರವೆಂದು ಎಲ್ಲರೂ ಒಪ್ಪುವುದು ಹೊಂಬಾಳಯ್ಯನವರು ತೆಗೆದ ಒಂದು ಮದುವೆಯ ಚಿತ್ರ. ಅದು ನಮ್ಮ ಕಾಲೇಜಿನ ಹಜಾರದಲ್ಲಿದೆ, ಗಾಜಿನ ನೆಗೆಟಿವ್ ಒಡೆದುಹೋಗಿರುವುದರಿಂದ ಇರುವುದು ಅದೊಂದೇ ಪ್ರತಿ. ಕೆತ್ತನೆಯ ಕುರ್ಚಿಯೊಂದು ಖಾಲಿ ಇದೆ. ಮದುಮಗಳು ಎದ್ದು ಹೋಗಿದ್ದಾಳೆ. ಪಕ್ಕದಲ್ಲಿ ಮದುಮಗ ಮಾತ್ರ ಪೇಟ ಸುತ್ತಿಕೊಂಡು, ಎಡಗೈಯಿಂದ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾನೆ. ಹೊಂಬಾಳಯ್ಯನವರು ಕೆಲಸ ಕೊಡದೆ ಚಿತ್ರ ತೆಗೆದದ್ದು ಇದೊಂದೇ ಸಲ ಎಂದೂ, ಹಾಗಿದ್ದೂ ಆತ ಉಳಿದದ್ದು ಗೃಹಸ್ಥನ ವೈರಾಗ್ಯದಿಂದ ಎಂದೂ ನಾನು ಬರೆದಿದ್ದೆ. ಆ ಕೈಯ ಬಗ್ಗೆಯೇ ಎರಡು ಪುಟ. ಪ್ರತಿ ವರ್ಷ ಪರೀಕ್ಷೆಗೆ ಒಂದೇ ಪ್ರಶ್ನೆ: ‘ಎಡಗೈ ಬೆರಳುಗಳ ಬಿಗಿತ ಏನನ್ನು ಸೂಚಿಸುತ್ತದೆ, ವಿವರಿಸಿ.’ ವಿದ್ಯಾರ್ಥಿಗಳು ವೈರಾಗ್ಯ ಎಂದು ಬರೆದರೆ ಪಾಸು.

ಆ ಮದುಮಗ ಗುರುಸಿದ್ದಯ್ಯ, ನಮ್ಮೂರಿನ ನೀರಿನ ಟ್ಯಾಂಕಿನ ವಾಲ್ವು ತಿರುಗಿಸುತ್ತಿದ್ದವರು. ಹೋದ ವರ್ಷ ತೀರಿಕೊಂಡರು. ಅದಾದ ಮೇಲೆ ಅವರ ಹೆಂಡತಿ ಲಿಂಗಾಜಮ್ಮ ಪ್ರತಿ ಸೋಮವಾರ ನಮ್ಮ ಹಜಾರಕ್ಕೆ ಬಂದು, ಚಿತ್ರದ ಎದುರಿಗೆ ನೆಲದ ಮೇಲೆ ಕೂತು, ಸ್ವಲ್ಪ ಹೊತ್ತು ನೋಡಿ ಹೋಗುತ್ತಿದ್ದರು. ಮನೆಯಲ್ಲಿ ಶಾವಿಗೆ ಹೊಸೆದು ಮಾರುವ ಗಟ್ಟಿ ಹೆಂಗಸು, ಆದರೆ ಬರುಬರುತ್ತ ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದ್ದರು. ಒಂದು ಸೋಮವಾರ ನನ್ನನ್ನು ತಡೆದು ನಿಲ್ಲಿಸಿದರು.

"ಮೇಷ್ಟ್ರೆ, ನನ್ನದೊಂದು ಫೋಟೋ ತೆಗೀರಿ. ನಾನು ಉಳಿಯೋ ಅಂಥದ್ದು. ತೆಗೆದು ಇವರ ಪಕ್ಕಕ್ಕೆ ತೂಗುಹಾಕಿ."

"ಈಗ್ಯಾಕಮ್ಮ?" ಅಂದೆ.

"ಆವತ್ತು ಹೊಸ ಮನೇಲಿ ಹಾಲು ಒಲೆ ಮೇಲಿಟ್ಟು ಬಂದಿದ್ದೆ. ಚಿತ್ರದಾಗೆ ಎಷ್ಟೊತ್ತು ಅಂತ ಕೂತಿರಲಿ, ಎದ್ದು ಬಂದೆ. ಇಲ್ಲಿ ಒಟ್ಟಿಗೆ ಬಾಳಿದ್ವಿ, ಅದಕ್ಕೇನೂ ಕಮ್ಮಿ ಇಲ್ಲ. ಅಲ್ಲಿ ಅವರು ಒಬ್ರೇ ನಿಂತವ್ರೆ. ನನಗೂ ಹೊತ್ತಾಗ್ತಾ ಬಂತು, ಡಾಕ್ಟ್ರು ಬಾಯಿಬಿಟ್ಟು ಹೇಳಲ್ಲ ಅಷ್ಟೆ. ನಾನು ಹೋದ್ಮೇಲೆ ಸೋಮವಾರ ಬಂದು ನೋಡೋರೂ ಇರಲ್ಲ. ಪಕ್ಕದಾಗೆ ನಾನೊಂದು ಇದ್ರೆ ಸಾಕು."

ನನ್ನ ಎಮ್ಮೆಯ ಕಥೆಯನ್ನು ಆಗಲೇ ಹೇಳಿಬಿಡಬಹುದಿತ್ತು. ಆದರೆ ಅವರು, "ಪುಸ್ತಕ ಬರೆದೋರು ನೀವು, ನಿಮಗೆ ತಿಳೀದೆ ಇರ್ತದಾ" ಅಂದರು. ಅಡುಗೆ ಪುಸ್ತಕ ಬರೆದವನ ಮನೆಯಲ್ಲಿ ಊಟ ಚೆನ್ನಾಗಿರುತ್ತದೆ ಎಂಬ ನಂಬಿಕೆ ಅದು. ಹೊಗಳಿಕೆಗೆ ಉಬ್ಬಿ, ಆಗಲಿ ಎಂದೆ.

ಮೊದಲು ಹೊಂಬಾಳಯ್ಯನವರ ದಾರಿ ಹಿಡಿದೆ. ಸ್ಟುಡಿಯೋದಲ್ಲಿ ಲಿಂಗಾಜಮ್ಮನವರನ್ನು ಕೂರಿಸಿ, ಒಂದು ಮೊರ ಅಕ್ಕಿಗೆ ನಾನೇ ಅಂಗಳದಿಂದ ಬೊಗಸೆ ತುಂಬ ಮರಳುಕಲ್ಲು ತಂದು ಬೆರೆಸಿ ಕೈಗೆ ಕೊಟ್ಟೆ. ಅದನ್ನು ಆರಿಸಿ ಮುಗಿಸುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ನನ್ನ ಲೆಕ್ಕ. ಮಾರನೆಯ ದಿನ ಚಿತ್ರ ನೋಡಿದರೆ ಸ್ಟೂಲು ಖಾಲಿ. ಮೊರದಲ್ಲಿ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಗುಡ್ಡೆ ಹಾಕಿದ ಕಲ್ಲು. ಕೇರುವ ಕೈ ಎಂಥದ್ದೆಂದು ಗೊತ್ತಿಲ್ಲದೆ ಕೆಲಸ ಕೊಟ್ಟಿದ್ದೆ. ನನ್ನ ಹೆಂಡತಿ ಆ ಚಿತ್ರವನ್ನು ಅಡುಗೆಮನೆಯಲ್ಲಿ ಅಂಟಿಸಿಕೊಂಡಿದ್ದಾಳೆ, ನನಗೆ ಬುದ್ಧಿ ಬರಲಿ ಅಂತ.

ಎರಡನೆಯ ಸಲ ಮಕಬೂಲ್ ಸಾಹೇಬರನ್ನು ನೆನೆದೆ. ಲಿಂಗಾಜಮ್ಮನವರಿಗೂ ಅವರ ನಾದಿನಿ ಹಾಲಮ್ಮನಿಗೂ ಮಾತಿಲ್ಲವೆಂದು ಊರಿಗೇ ಗೊತ್ತು. ಪಾಲಾಗುವಾಗ ಒಂದು ಒರಳುಕಲ್ಲಿಗೆ ಆದ ಜಗಳ, ಒರಳು ಹಾಲಮ್ಮನ ಮನೆಯಲ್ಲಿದೆ. ಫೋಟೋಗೆ ಕಾಸಿಲ್ಲ ಅಂದದ್ದಕ್ಕೆ ಹಾಲಮ್ಮ ಬಂದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆ. ಇಬ್ಬರ ಮುಖವೂ ಎಷ್ಟು ಬಿಗಿದಿತ್ತೆಂದರೆ ನನಗೆ ಒಳಗೊಳಗೇ ಖುಷಿ, ಈ ಜೋಡಿ ಪ್ರಳಯದವರೆಗೂ ಏಳುವುದಿಲ್ಲ ಎಂದು. ಎರಡು ದಿನ ಕದಲಲೂ ಇಲ್ಲ. ಮೂರನೆಯ ದಿನ ಚಿತ್ರದಲ್ಲಿ ಕುರ್ಚಿಗಳು ಹತ್ತಿರ ಹತ್ತಿರ ಬಂದಿದ್ದವು. ನಾಲ್ಕನೆಯ ದಿನ ಇಬ್ಬರೂ ಇರಲಿಲ್ಲ.

ನಾನು ಆ ಚಿತ್ರ ಹಿಡಿದುಕೊಂಡು ಹಾಲಮ್ಮನ ಮನೆಗೆ ಹೋದೆ. ಅವರು ಖಾಲಿ ಕುರ್ಚಿಗಳನ್ನು ಬಹಳ ಹೊತ್ತು ನೋಡಿದರು.

"ಯಾರು ಮೊದ್ಲು ಮಾತಾಡ್ಸಿದ್ದು?"

"ಅದು ಗೊತ್ತಾಗಲ್ಲಮ್ಮ. ಕುರ್ಚಿ ಹತ್ರ ಆಗಿದ್ದು ನೋಡಿದೆ, ಅಷ್ಟೆ."

"ಅವಳೇ ಇರ್ಬೇಕು. ನಾನಂತೂ ಅಲ್ಲ." ಚಿತ್ರ ವಾಪಸು ಕೊಡುತ್ತ, "ಆದ್ರೂ ಇಬ್ರೂ ಒಟ್ಟಿಗೆ ಎದ್ದವ್ರಲ್ಲ" ಅಂದರು. ಮಾರನೆಯ ದಿನ ಬೆಳಿಗ್ಗೆ ಲಿಂಗಾಜಮ್ಮನವರ ಬಾಗಿಲ ಮುಂದೆ ಒರಳುಕಲ್ಲು ಬಂದು ಕೂತಿತ್ತು. ಊರವರು ನನ್ನನ್ನು ಹೊಗಳಿದರು, ಮೇಷ್ಟ್ರು ಮನೆ ಒಂದು ಮಾಡಿದರು ಅಂತ. ನಾನು ಮಾಡಹೊರಟದ್ದು ಜಗಳವನ್ನು ಕಾಪಾಡುವ ಕೆಲಸ. ಅದೂ ಕೈಗೆ ಹತ್ತಲಿಲ್ಲ.

ಕಮಲಾಬಾಯಿಯವರ ದಾರಿ ಇನ್ನೂ ಕಷ್ಟದ್ದು. ಗುಟ್ಟು ಹೇಳಲಿಕ್ಕೆ ಮೊದಲು ಗುಟ್ಟು ಗೊತ್ತಿರಬೇಕು, ನನಗೆ ಊರಿನ ಸುದ್ದಿ ತಿಳಿಯುವುದು ಎಲ್ಲರಿಗೂ ಹಳತಾದ ಮೇಲೆ. ಆದರೂ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ದನಿ ತಗ್ಗಿಸಿ, "ನಿಮಗೆ ಗೊತ್ತಾ ಲಿಂಗಾಜಮ್ಮ, ಮೊನ್ನೆ ಡಾಕ್ಟರ ಮನೆ ಹಿತ್ತಿಲಲ್ಲಿ ಬೆಳಗಾಗೆದ್ದು ನೋಡಿದರೆ..." ಎಂದು ಅಷ್ಟಕ್ಕೇ ನಿಲ್ಲಿಸಿ ಚಿತ್ರ ತೆಗೆದೆ. ಬಟ್ಟೆಯಿಂದ ಹೊರಬಂದಾಗ ಅವರು ಸಮಾಧಾನವಾಗಿ, "ದಾಸವಾಳದ ಗಿಡ ಒಂದೂ ಇರಲಿಲ್ಲ. ಗೊತ್ತು. ತಿಂದ ಮೇಕೆ ನಮ್ಮದೇ" ಅಂದರು. ಆ ಚಿತ್ರ ಒಂದು ಹಗಲೂ ಬಾಳಲಿಲ್ಲ.

ಇಷ್ಟಾಗುವ ಹೊತ್ತಿಗೆ ಲಿಂಗಾಜಮ್ಮ ಮೆಟ್ಟಿಲು ಹತ್ತಲಾರದಂತಾದರು. ಒಂದು ಸೋಮವಾರ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಮಂಚ ಹಿಡಿದಿದ್ದರು. ಹಾಲಮ್ಮ ಗಂಜಿ ಕುಡಿಸುತ್ತಿದ್ದರು.

"ನಾನು ಫೋಟೋದಾಗೆ ಉಳಿಯೋ ಪೈಕಿ ಅಲ್ಲ ಬಿಡಿ ಮೇಷ್ಟ್ರೆ" ಅಂದರು ಲಿಂಗಾಜಮ್ಮ. "ನಿಮ್ಮದೇನೂ ತಪ್ಪಿಲ್ಲ. ಒಂದ್ಸಲ ಅವರನ್ನಾದ್ರೂ ತಂದು ತೋರ್ಸಿ."

ಹಜಾರದ ಚಿತ್ರವನ್ನು ಗೋಡೆಯಿಂದ ಇಳಿಸಲಿಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿದ್ದುದರಿಂದ ಕೇಳಲಿಲ್ಲ. ಭಾನುವಾರ, ಕಾಲೇಜಿಗೆ ರಜ ಇದ್ದಾಗ, ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ನಮ್ಮೂರಿನ ಅತಿ ದೊಡ್ಡ ಕಲಾಕೃತಿ ಅದು, ಪ್ರತಿ ಗುಂಡಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೆಗಲಿಗೆ ಕ್ಯಾಮೆರಾ ಕೂಡ ಇತ್ತು. ಮೂರು ಸಲ ಸೋತವನಿಗೆ ನಾಚಿಕೆ ಇರಬೇಕಿತ್ತು, ಅಭ್ಯಾಸಬಲ ಬಿಡಲಿಲ್ಲ.

ಲಿಂಗಾಜಮ್ಮ ದಿಂಬಿಗೆ ಒರಗಿ ಕೂತು ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡರು. ಸೆರಗಿನಿಂದ ಗಾಜು ಒರೆಸಿದರು. ನಾನು ಸುಮ್ಮನಿರಬೇಕಿತ್ತು, ಆದರೆ ಪಾಠ ಮಾಡಿ ಮಾಡಿ ಬಾಯಿ ಕೆಟ್ಟುಹೋಗಿದೆ. "ಈ ಕೈ ನೋಡಿ" ಅಂದೆ. "ಬೆರಳು ಹೇಗೆ ಬಿಗಿದಿವೆ. ಇದರಲ್ಲಿ ಒಂದು ವೈರಾಗ್ಯ..."

"ಯಾತರ ವೈರಾಗ್ಯ" ಅಂದರು. "ಆ ಕುರ್ಚಿದು ಒಂದು ಕಾಲು ಮೋಟು. ಹೊಂಬಾಳಯ್ಯನೋರು, ‘ಗಟ್ಟಿಯಾಗಿ ಹಿಡ್ಕೊಂಡಿರಪ್ಪ, ಬಿಟ್ಟರೆ ಹುಡುಗಿ ಬಿದ್ದೋಯ್ತಾಳೆ’ ಅಂದ್ರು. ಹಿಡ್ಕೊಂಡ್ರು. ಆಮೇಲೆ ನಾನು ಎದ್ದು ಬಂದೆ. ಅವರಿಗೆ ಯಾರೂ ಬಿಡು ಅಂತ ಹೇಳಲಿಲ್ಲ."

ಎರಡು ಪುಟ ಬರೆದಿದ್ದೇನಲ್ಲ ಎಂಬ ನಾಚಿಕೆಗಿಂತ, ಆ ಮನುಷ್ಯ ಇಷ್ಟು ವರ್ಷ ಯಾಕೆ ನಿಂತಿದ್ದಾನೆ ಎಂದು ತಿಳಿದದ್ದೇ ಹೆಚ್ಚು ಚುಚ್ಚಿತು. ಹೊಂಬಾಳಯ್ಯನವರು ಅವನಿಗೂ ಕೆಲಸ ಕೊಟ್ಟಿದ್ದರು. ಮುಗಿಸುವ ದಾರಿಯಿಲ್ಲದ ಕೆಲಸ.

"ನೋಯ್ತಿರ್ತದೆ ಕೈ" ಅಂದರು ಲಿಂಗಾಜಮ್ಮ. ಗಾಜಿನ ಮೇಲೆ, ಗಂಡನ ಕೈ ಇದ್ದ ಜಾಗದಲ್ಲಿ, ಹೆಬ್ಬೆರಳಿನಿಂದ ಸವರಿದರು. "ಹಿಂಗೇ ಒಂದು ತೆಗೆದುಬಿಡಿ. ಒಂದು ದಿನ ಇದ್ರೆ ಒಂದು ದಿನ. ಅಷ್ಟೊತ್ತಾದ್ರೂ ಜೊತೇಲಿ ಇರ್ತೀನಿ."

ಬೀದಿ ಬಾಗಿಲಿನಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಮುಚ್ಚಿ ಕಿಟಕಿ ತೆರೆದೆ. ಹಾಲಮ್ಮ ಪಕ್ಕಕ್ಕೆ ಸರಿದು ನಿಂತರು. ಈ ಸಲ ನಾನು ಯಾವ ಮಹನೀಯರನ್ನೂ ನೆನೆಯಲಿಲ್ಲ, ಕೆಲಸ ಕೊಡಲಿಲ್ಲ, ಗುಟ್ಟು ಹೇಳಲಿಲ್ಲ. ಮಂಚದ ಮೇಲೆ ಲಿಂಗಾಜಮ್ಮ, ಅವರ ಮಡಿಲಲ್ಲಿ ಚೌಕಟ್ಟಿನೊಳಗೆ ಕುರ್ಚಿ ಹಿಡಿದು ನಿಂತ ಗಂಡ, ಹಿಂದೆ ಮುಚ್ಚಿದ ಬಾಗಿಲು. ತೆಗೆದೆ. ಸಂಜೆಯೊಳಗೆ ಹಳೆಯ ಚಿತ್ರವನ್ನು ಹಜಾರದ ಮೊಳೆಗೆ ಸಿಕ್ಕಿಸಿ, ಯಾರೂ ನೋಡಲಿಲ್ಲವೆಂದು ಬೆನ್ನು ತಟ್ಟಿಕೊಂಡು, ಹೊಸದರ ಪ್ರಿಂಟು ಹಾಕಿ ಒಣಗಲು ಬಿಟ್ಟು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಕಾಲೇಜಿನ ಮೆಟ್ಟಿಲಲ್ಲಿಯೇ ಫರೀದಾ ಎದುರಾದಳು. ಕೊನೆಯ ವರ್ಷದ ಹುಡುಗಿ, ನನ್ನ ಪುಸ್ತಕವನ್ನು ಪೂರ್ತಿ ಓದಿರುವ ಒಬ್ಬಳೇ ವಿದ್ಯಾರ್ಥಿನಿ.

"ಸರ್, ಅವರು ಎಲ್ಲಿ ಹೋದ್ರು?"

"ಯಾರು?"

"ಗುರುಸಿದ್ದಯ್ಯನೋರು. ಕುರ್ಚಿ ಮಾತ್ರ ಇದೆ. ಅದೂ ಒಂದು ಕಡೆಗೆ ವಾಲಿಬಿಟ್ಟಿದೆ."

ಹಜಾರದಲ್ಲಿ ಆಗಲೇ ಜನ ಸೇರಿತ್ತು. ಚೌಕಟ್ಟಿನೊಳಗೆ ಪರದೆ ಇತ್ತು, ಮೋಟುಗಾಲಿನ ಮೇಲೆ ವಾಲಿದ ಕುರ್ಚಿ ಇತ್ತು, ಪೇಟದ ಮನುಷ್ಯ ಇರಲಿಲ್ಲ. ಪ್ರಿನ್ಸಿಪಾಲರು ಕೈಕೈ ಹಿಸುಕಿಕೊಳ್ಳುತ್ತಿದ್ದರು. ಕಾವಲಿನವನು ಬೆಡ್‌ಶೀಟಿನ ಸಂಗತಿಯನ್ನು ಬಾಯಿಬಿಟ್ಟಿದ್ದ, ಪಾಪ, ಅವನ ಕೆಲಸವೇ ಅದು.

"ಸಿಂಹಾದ್ರಿಯವರೇ, ಅದನ್ನ ಏನ್ ಮಾಡಿದ್ರಿ ನೀವು?" ಎಂದು ಕೇಳಿದರು ಪ್ರಿನ್ಸಿಪಾಲರು.

"ಫೋಟೋ ತೆಗೆದೆ ಸರ್."

ಅವರು ಹಣೆ ಹಿಡಿದುಕೊಂಡು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ನಾನು ಫೋಟೋ ತೆಗೆದೆ ಅಂದ ಮೇಲೆ ಬೇರೆ ಏನೂ ವಿವರಿಸುವ ಅಗತ್ಯ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ಮಧ್ಯಾಹ್ನದೊಳಗೆ ನನ್ನನ್ನು ಪಾಠದಿಂದ ದೂರವಿಟ್ಟು, ನನ್ನ ಪುಸ್ತಕವನ್ನು ಪಠ್ಯದಿಂದ ತೆಗೆದರು. ಹೊರಡುವಾಗ ಫರೀದಾ ಹಿಂದೆಯೇ ಬಂದು, "ಬೇಜಾರು ಮಾಡ್ಕೋಬೇಡಿ ಸರ್. ಮುಂದಿನ ಸಲ ಪುಸ್ತಕ ಬರೆದ್ರೆ ನಾಲ್ಕನೇ ಅಧ್ಯಾಯ ನಿಮ್ಮದೇ ಹಾಕಿ" ಅಂದಳು. ತಮಾಷೆಯೋ ಗೌರವವೋ ತಿಳಿಯಲಿಲ್ಲ. ಯಾವುದಾದರೂ ಸರಿ, ಇಟ್ಟುಕೊಂಡೆ.

ಸ್ಟುಡಿಯೋಗೆ ಹೋಗಿ ತಂತಿಗೆ ಸಿಕ್ಕಿಸಿದ್ದ ಪ್ರಿಂಟು ತೆಗೆದು, ಚೀಲದೊಳಗೆ ಹಾಕಿಕೊಂಡು, ನೇರವಾಗಿ ಲಿಂಗಾಜಮ್ಮನವರ ಮನೆಗೆ ನಡೆದೆ. ದಾರಿಯುದ್ದಕ್ಕೂ ಹೆದರಿಕೆ. ನನ್ನ ಕೆಲಸ ಹೋದದ್ದಕ್ಕಲ್ಲ. ಆಕೆ ಉಳಿಯಲೆಂದು ಬಂದವರು, ಉಳಿದಿದ್ದ ಒಬ್ಬ ಗಂಡನನ್ನೂ ನಾನು ಕಳೆದಿದ್ದೆ. ಸೋಮವಾರ ಬಂದು ನೋಡಲಿಕ್ಕೂ ಈಗ ಏನೂ ಇಲ್ಲ. ಅದನ್ನು ಯಾವ ಬಾಯಿಂದ ಹೇಳುವುದು.

ಮಂಚದ ಅಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲಿಂಗಾಜಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಹೋದ್ರಾ" ಅಂದರು ಕೊನೆಗೆ, ಬರೀ ಉಸಿರಿನಲ್ಲಿ. "ಒಬ್ರೇ ಎಲ್ಲಿಗೆ ಹೋದ್ರು?" ಆ ಮಾತು ಕೇಳಿ ನನಗೆ ಅಳು ಬಂತು. ಚೀಲದಿಂದ ಪ್ರಿಂಟು ತೆಗೆದು ಅವರ ಕೈಗೆ ಕೊಟ್ಟೆ. ಹಾಲಮ್ಮ ಬಂದು ಅವರ ತಲೆ ಎತ್ತಿ ಹಿಡಿದರು.

ಚಿತ್ರದಲ್ಲಿ ಮಂಚ ಖಾಲಿ ಇತ್ತು. ಹೊದಿಕೆ ಮಡಿಸಿ ಇಟ್ಟಿತ್ತು. ದಿಂಬಿಗೆ ಒರಗಿಸಿದ ಚೌಕಟ್ಟಿನೊಳಗೆ ಕುರ್ಚಿಯೊಂದೇ, ವಾಲಿಕೊಂಡು. ತಂತಿಯಿಂದ ತೆಗೆಯುವಾಗ ನಾನು ಅಷ್ಟನ್ನು ಮಾತ್ರ ನೋಡಿದ್ದೆ, ಖಾಲಿ ಎಂದು ತಲೆಯ ಮೇಲೆ ಕೈಹೊತ್ತಿದ್ದೆ. ಲಿಂಗಾಜಮ್ಮ ಅದನ್ನು ನೋಡುತ್ತಿರಲಿಲ್ಲ. ಅವರ ಬೆರಳು ಚಿತ್ರದಲ್ಲಿ ಮಂಚದ ಹಿಂದಕ್ಕೆ, ಗೋಡೆಯ ಕಡೆಗೆ ಹೋಯಿತು. ನಾನು ಮುಚ್ಚಿದ್ದ ಬೀದಿ ಬಾಗಿಲು ಅಲ್ಲಿ ಹಾರುಹೊಡೆದಿತ್ತು. ಹೊಸ್ತಿಲ ಆಚೆಯ ಬಿಸಿಲೆಲ್ಲ ಒಳಗೆ ಬಂದಿತ್ತು.

"ಹೊದಿಕೆ ಮಡಿಸಿದ್ದು ನಾನು" ಅಂದರು. ಆಮೇಲೆ ಅವರ ಮುಖ ನಾನು ಎಂದೂ ಕಾಣದ ಹಾಗೆ ಅರಳಿತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಬಾಗಿಲು ನೋಡೇ ಹಾಲಮ್ಮ. ಇದು ಅವರದೇ ಕೆಲಸ. ಒಂದು ದಿನಾದ್ರೂ ಬಾಗಿಲು ಎಳ್ಕೊಂಡು ಹೋದೋರಲ್ಲ. ಬೀದಿ ನಾಯೆಲ್ಲ ಒಳಗೆ ಬರ್ತವೆ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು."